ಮಾರ್ಮನ್ನರ ಮನೆಯಲ್ಲಿ ಹರೆಯದ ಮಕ್ಕಳು

ಯಾವ ಮತವಾದರೂ ಪುಸ್ತಕದಲ್ಲಿ ಒಂದು ರೀತಿಯಾಗಿ ಕಾಣುತ್ತದೆ, ಮನೆಯಲ್ಲಿ ಇನ್ನೊಂದು ರೀತಿಯಾಗಿ ಕಾಣುತ್ತದೆ. ಪುಸ್ತಕದಲ್ಲಿ ತತ್ತ್ವವಿದೆ, ವಾದವಿದೆ, ಚರಿತ್ರೆಯಿದೆ. ಮನೆಯಲ್ಲಿ ಇರತಕ್ಕವು ಸಣ್ಣ ಸಂಗತಿಗಳು: ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುವುದು, ಎದ್ದು ಏನನ್ನು ಕುಡಿಯುವುದು, ವಾರದಲ್ಲಿ ಯಾವ ದಿನ ಎಲ್ಲರೂ ಒಟ್ಟಿಗೆ ಕೂಡುವುದು, ಕೈಗೆ ಬಂದ ಹಣದಲ್ಲಿ ಮೊದಲು ಯಾರ ಪಾಲನ್ನು ತೆಗೆದಿಡುವುದು. ಹಿರಿಯರು ಇವನ್ನು ಅಭ್ಯಾಸಬಲದಿಂದ ನಡೆಸಿಕೊಂಡು ಹೋಗುತ್ತಾರೆ. ಎಳೆಯ ಮಕ್ಕಳು ತಾಯಿತಂದೆಯರನ್ನು ನೋಡಿ ಹಾಗೆಯೇ ಮಾಡುತ್ತಾರೆ. ಇವೆರಡರ ನಡುವೆ ಹನ್ನೆರಡರಿಂದ ಹದಿನೆಂಟರವರೆಗಿನ ಒಂದು ಕಾಲವಿದೆ. ಆಗ ಹುಡುಗನೂ ಹುಡುಗಿಯೂ "ಇದು ಏಕೆ?" ಎಂದು ಕೇಳಲು ತೊಡಗುತ್ತಾರೆ. ಮನೆಯ ನೇಮ ಮುಂದಿನ ತಲೆಗೆ ದಾಟುವುದೋ ಬಿಡುವುದೋ ಎಂಬುದು ಆ ಆರು ವರ್ಷಗಳಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ.

ಈ ಕಷ್ಟ ಎಲ್ಲ ಮನೆಗಳಿಗೂ ಇದ್ದದ್ದೇ. ಆದರೆ ಒಂದು ಸಮಾಜವು ಸಂಖ್ಯೆಯಲ್ಲಿ ತೀರ ಚಿಕ್ಕದಾಗಿದ್ದು, ಅದರ ನೇಮಗಳು ಸುತ್ತಲಿನವರ ನಡೆವಳಿಕೆಗೆ ಎದುರಾಗಿದ್ದಾಗ ಕಷ್ಟವು ಇಮ್ಮಡಿಯಾಗುತ್ತದೆ. ನಮ್ಮ ಬೆಂಗಳೂರಿನಲ್ಲಿಯೇ ಇರುವ ಅಂಥದೊಂದು ಸಮಾಜ ಮಾರ್ಮನ್ನರದು. ಅವರ ಸಂಸಾರದಲ್ಲಿ ಹರೆಯದ ಮಕ್ಕಳ ದಿನಚರಿ ಹೇಗಿರುತ್ತದೆ, ಅದರಲ್ಲಿ ಸುಖವೆಷ್ಟು, ತೊಡಕೆಷ್ಟು ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ. ಅವರ ಮತವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಇಲ್ಲಿಯ ಕೆಲಸವಲ್ಲ.

ಮೊದಲು ಹೆಸರಿನ ವಿಷಯ. 'ಮಾರ್ಮನ್' ಎಂಬುದು ಹೊರಗಿನವರು ಇಟ್ಟ ಅಡ್ಡಹೆಸರು. ಬೈಬಲಿನ ಜೊತೆಗೆ ಅವರು ಪವಿತ್ರವೆಂದು ಓದುವ 'ಮಾರ್ಮನ್ ಗ್ರಂಥ'ದಿಂದ ಅದು ಬಂದಿತು. ಸಭೆಯ ನಿಜವಾದ ಹೆಸರಿಗೆ 'ಯೇಸುಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ' ಎಂದು ಅರ್ಥ. ಇಲ್ಲಿ 'ಸಂತ' ಎಂದರೆ ಸನ್ಯಾಸಿಯಲ್ಲ, ಸಭೆಗೆ ಸೇರಿದ ಸಾಮಾನ್ಯ ಗೃಹಸ್ಥ. ಅಡ್ಡಹೆಸರನ್ನು ಬಿಟ್ಟು ಪೂರ್ಣ ಹೆಸರನ್ನೇ ಬಳಸಬೇಕೆಂದು ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ನರು ೨೦೧೮ರಲ್ಲಿ ಕೇಳಿಕೊಂಡರು. ಕೇಳುವವರಿಗೆ ಪರಿಚಿತವಾದ ಮಾತೆಂಬ ಒಂದೇ ಕಾರಣದಿಂದ ನಾನು ಇಲ್ಲಿ ಹಳೆಯ ಹೆಸರನ್ನು ಉಳಿಸಿಕೊಂಡಿದ್ದೇನೆ.

ಈ ಸಭೆಯನ್ನು ಜೋಸೆಫ್ ಸ್ಮಿತ್ ಎಂಬಾತನು ೧೮೩೦ರ ಏಪ್ರಿಲ್ ೬ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದನು. ನೆರೆಹೊರೆಯವರ ವಿರೋಧದಿಂದ ಊರೂರು ಅಲೆದು, ಅವನು ೧೮೪೪ರಲ್ಲಿ ಕೊಲೆಯಾದ ಮೇಲೆ, ಅವನ ಅನುಯಾಯಿಗಳು ಬ್ರಿಗಮ್ ಯಂಗ್ ಎಂಬವನ ಹಿಂದೆ ಪಶ್ಚಿಮಕ್ಕೆ ನಡೆದು ೧೮೪೭ರಲ್ಲಿ ಉಪ್ಪಿನ ಸರೋವರದ ದಡದಲ್ಲಿ ನೆಲಸಿದರು. ಈಗಿನ ಸಾಲ್ಟ್ ಲೇಕ್ ನಗರ ಅದೇ. ಬಹುಪತ್ನೀತ್ವವೆಂದೊಡನೆ ಹಲವರಿಗೆ ಮಾರ್ಮನ್ನರ ನೆನಪು ಬರುವುದುಂಟು. ಆ ಪದ್ಧತಿ ಅವರಲ್ಲಿ ಒಂದು ಕಾಲಕ್ಕೆ ಇದ್ದುದು ನಿಜ. ೧೮೯೦ರಲ್ಲಿ ಸಭೆಯ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಅದನ್ನು ನಿಲ್ಲಿಸುವ ಪ್ರಕಟಣೆ ಹೊರಡಿಸಿದನು. ಈಗ ಎರಡನೆಯ ಹೆಂಡತಿಯನ್ನು ಮಾಡಿಕೊಂಡವನಿಗೆ ಈ ಸಭೆಯಲ್ಲಿ ಸ್ಥಾನವಿಲ್ಲ.

ದಕ್ಷಿಣ ಭಾರತಕ್ಕೂ ಇವರಿಗೂ ಇರುವ ನಂಟು ನಾವು ತಿಳಿದಿರುವುದಕ್ಕಿಂತ ಹಳೆಯದು. ೧೮೫೩ರಲ್ಲಿ ರಿಚರ್ಡ್ ಬ್ಯಾಲೆಂಟೈನ್ ಎಂಬ ಬೋಧಕನು ಮದರಾಸಿಗೆ ಬಂದಿಳಿದನು. ಇವನೇ ಅದಕ್ಕೆ ನಾಲ್ಕು ವರ್ಷ ಮುಂಚೆ, ೧೮೪೯ರಲ್ಲಿ, ಸಾಲ್ಟ್ ಲೇಕ್ ಕಣಿವೆಯಲ್ಲಿ ಮಕ್ಕಳಿಗಾಗಿ ಮೊದಲನೆಯ ಭಾನುವಾರದ ಪಾಠಶಾಲೆಯನ್ನು ತೆರೆದವನು. ಮದರಾಸಿನಲ್ಲಿ ಅವನ ಕೆಲಸ ಫಲಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಬೋಧಕರೆಲ್ಲರೂ ಭಾರತವನ್ನು ಬಿಟ್ಟು ಹೊರಟುಹೋದರು. ಮುಂದೆ ನೂರಕ್ಕೂ ಮಿಕ್ಕ ವರ್ಷಗಳಾದ ಮೇಲೆ, ೧೯೭೮ರಲ್ಲಿ, ಸಮೋವಾ ದ್ವೀಪದಲ್ಲಿದ್ದಾಗ ಸಭೆಯನ್ನು ಸೇರಿದ್ದ ಎಡ್ವಿನ್ ಧರ್ಮರಾಜು ಎಂಬವರು ತಮ್ಮ ಪತ್ನಿ ಎಲ್ಸಿಯವರೊಡನೆ ಹೈದರಾಬಾದಿಗೆ ಬಂದು ತಮ್ಮ ಬಂಧುಗಳಲ್ಲಿ ೨೨ ಮಂದಿಗೆ ದೀಕ್ಷಾಸ್ನಾನ ಮಾಡಿಸಿದರು. ಹೀಗೆ ಹೈದರಾಬಾದಿನಲ್ಲಿ ಈ ಮತ ಬೇರೂರಿದುದು ಬೀದಿಯ ಬೋಧನೆಯಿಂದಲ್ಲ, ಒಂದು ಸಂಸಾರದ ನಂಟಸ್ತಿಕೆಯಿಂದ. ೧೯೯೩ರ ಜನವರಿ ೧ರಂದು ಬೆಂಗಳೂರು ಕೇಂದ್ರವಾಗಿ ಅವರ 'ಮಿಷನ್' ಏರ್ಪಟ್ಟಿತು. ಭಾರತದ ಮೊದಲನೆಯ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ೨೦೧೮ರ ಏಪ್ರಿಲಿನಲ್ಲಿ ಪ್ರಕಟಿಸಿ, ೨೦೨೦ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮನಾದ ಕಾರ್ಯವನ್ನು ನಡೆಸಿದರು. ಭಾರತದಲ್ಲಿ ಇವರ ಸಂಖ್ಯೆ ಹದಿನೈದು ಸಾವಿರದ ಆಸುಪಾಸು. ಇಷ್ಟು ದೊಡ್ಡ ದೇಶದಲ್ಲಿ ಇದು ಸಮುದ್ರಕ್ಕೆ ಬಿದ್ದ ಹನಿ.

ವಿವರಣೆ ಸುಲಭವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇದು ಇಂಥವರೇ ಎಂದು ಬೆರಳಿಟ್ಟು ತೋರಿಸಬಹುದಾದ ಮನೆಯಲ್ಲ, ವಿಷಯ ಕಾಣಲೆಂದು ಹಿಡಿದ ಕನ್ನಡಿ. ತಂದೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವನೆಂದು ಇಟ್ಟುಕೊಳ್ಳಿ. ಓದಿಗೂ ಉದ್ಯೋಗಕ್ಕೂ ಬೆಂಗಳೂರಿಗೆ ಬಂದವನು, ಯೌವನದಲ್ಲಿ ಈ ಸಭೆಯನ್ನು ಸೇರಿದನು. ತಾಯಿಯೂ ಹಾಗೆಯೇ ಹೊರಗಿನಿಂದ ಬಂದವಳು. ಹದಿನಾರು ವರ್ಷದ ಮಗಳು, ಹನ್ನೆರಡು ದಾಟಿದ ಮಗ, ಇಬ್ಬರೇ ಮಕ್ಕಳು. ಅಜ್ಜಿ ಈಗಲೂ ಕುಪ್ಪಗಡ್ಡೆಯಲ್ಲಿ, ಗದ್ದೆಯನ್ನೂ ಅಡಿಕೆಯ ತೋಟವನ್ನೂ ನೋಡಿಕೊಂಡು ಇದ್ದಾಳೆ. ಇಂಥ ಸಂಸಾರದಲ್ಲಿ ಗಮನಿಸಬೇಕಾದುದೊಂದಿದೆ. ತಾಯಿತಂದೆಯರು ಈ ಮತವನ್ನು ಆರಿಸಿಕೊಂಡವರು, ಮಕ್ಕಳು ಅದರಲ್ಲಿ ಹುಟ್ಟಿದವರು. ಆರಿಸಿಕೊಂಡವರ ಉತ್ಸಾಹ ಬೇರೆ, ಹುಟ್ಟಿದವರ ಅಭ್ಯಾಸ ಬೇರೆ.

ಮಾರ್ಮನ್ನರಲ್ಲಿ ಮಕ್ಕಳ ವಯಸ್ಸಿಗೆ ಮೆಟ್ಟಿಲುಗಳಿವೆ. ಹಸುಗೂಸಿಗೆ ಅವರು ದೀಕ್ಷಾಸ್ನಾನ ಮಾಡಿಸುವುದಿಲ್ಲ. ಒಳ್ಳೆಯದು ಕೆಟ್ಟದ್ದನ್ನು ತಿಳಿದು ಹೊಣೆ ಹೊರುವ ಪ್ರಾಯ ಎಂಟು ಎಂದು ಅವರ ಎಣಿಕೆ, ಆಗಲೇ ದೀಕ್ಷೆ. ಗರ್ಭಾಷ್ಟಮದಲ್ಲಿ ಉಪನಯನವಾಗಬೇಕೆನ್ನುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಈ ಲೆಕ್ಕ ಅಪರಿಚಿತವೆನಿಸಲಾರದು. ಹನ್ನೆರಡು ತುಂಬುವ ವರ್ಷದ ಜನವರಿಯಲ್ಲಿ ಮಗನು ಪೌರೋಹಿತ್ಯದ ಮೊದಲ ಮೆಟ್ಟಿಲನ್ನು ಹತ್ತಬಹುದು, ಹದಿನಾಲ್ಕಕ್ಕೆ ಎರಡನೆಯದು, ಹದಿನಾರಕ್ಕೆ ಮೂರನೆಯದು. ಇದು ಹೆಸರಿಗೆ ಮಾತ್ರದ ಗೌರವವಲ್ಲ. ಭಾನುವಾರದ ಆರಾಧನೆಯಲ್ಲಿ ಕ್ರಿಸ್ತನ ಸ್ಮರಣೆಗೆಂದು ರೊಟ್ಟಿಯ ಚೂರನ್ನೂ ನೀರನ್ನೂ ಎಲ್ಲರಿಗೂ ಹಂಚುತ್ತಾರೆ. ಅವರು ದ್ರಾಕ್ಷಾರಸವನ್ನು ಮುಟ್ಟದವರಾದುದರಿಂದ ಅದರ ಸ್ಥಾನದಲ್ಲಿ ನೀರು. ಹಂಚುವವನು ಹನ್ನೆರಡರ ಹುಡುಗ, ಅಣಿಮಾಡುವವನು ಹದಿನಾಲ್ಕರವನು, ಮಂತ್ರ ಹೇಳಿ ಆಶೀರ್ವದಿಸಬಹುದಾದವನು ಹದಿನಾರರವನು. ಆ ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೆ ಮೊದಲಿನಿಂದ ಹೇಳಬೇಕು. ಬೆಳಿಗ್ಗೆ ಹುಡುಗನು ಏಳಲಿಲ್ಲವೆಂದರೆ ತಂದೆ ಬೈಯುವುದಷ್ಟೇ ಅಲ್ಲ, ಸಭೆಯ ಕೆಲಸವೂ ನಿಲ್ಲುತ್ತದೆ.

ಇನ್ನೊಂದು ವಿಶೇಷ. ಊರಿನ ಸಭೆಯಲ್ಲಿ ಸಂಬಳದ ಪಾದ್ರಿಯಿಲ್ಲ. 'ಬಿಷಪ್' ಎನ್ನಿಸಿಕೊಳ್ಳುವವನು ವಾರವೆಲ್ಲ ತನ್ನ ಉದ್ಯೋಗವನ್ನು ಮಾಡಿಕೊಂಡಿದ್ದು, ಉಳಿದ ಹೊತ್ತಿನಲ್ಲಿ ಸಭೆಯನ್ನು ನೋಡಿಕೊಳ್ಳುವ ಗೃಹಸ್ಥ. ಭಾನುವಾರದ ಉಪದೇಶವನ್ನು ಸಭಿಕರೇ ಸರದಿಯ ಮೇಲೆ ಮಾಡುತ್ತಾರೆ. ಆ ಸರದಿ ಹರೆಯದವರಿಗೂ ಬರುತ್ತದೆ. ಹದಿಮೂರು ವರ್ಷದ ಹುಡುಗಿ ವೇದಿಕೆಯ ಮೇಲೆ ನಿಂತು ಹಿರಿಯರೆಲ್ಲರ ಮುಂದೆ ಐದು ನಿಮಿಷ ಮಾತನಾಡಬೇಕಾಗುತ್ತದೆ. ಮೊದಲ ಸಲ ಕಾಲು ನಡುಗುತ್ತದೆ, ಮೂರನೆಯ ಸಲಕ್ಕೆ ಧ್ವನಿ ನಿಲ್ಲುತ್ತದೆ. ತಾನು ನಂಬಿದ್ದೇನು ಎಂಬುದನ್ನು ತನ್ನ ಮಾತಿನಲ್ಲಿ ಹೇಳಬೇಕಾದವಳು ಅದನ್ನು ಸ್ವಲ್ಪವಾದರೂ ಯೋಚಿಸಲೇಬೇಕಾಗುತ್ತದೆ.

ಇನ್ನು ದಿನಚರಿಗೆ ಬರೋಣ. ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ 'ಸೆಮಿನರಿ' ಎಂಬ ಧರ್ಮಪಾಠವಿದೆ. ೧೯೧೨ರಲ್ಲಿ ಸಾಲ್ಟ್ ಲೇಕ್ ನಗರದ ಒಂದು ಪ್ರೌಢಶಾಲೆಯ ಪಕ್ಕದಲ್ಲಿ ಇದರ ಆರಂಭ. ಅಲ್ಲಿ ಮಾರ್ಮನ್ನರೇ ಹೆಚ್ಚಾಗಿರುವುದರಿಂದ ಶಾಲೆಯ ಹೊತ್ತಿನಲ್ಲಿಯೇ ಒಂದು ಗಂಟೆ ಬಿಡುವು ಕೊಟ್ಟು ಕಳುಹಿಸುತ್ತಾರೆ. ಸಭಿಕರು ಚದರಿಹೋದ ಊರುಗಳಲ್ಲಿ ಆ ಅನುಕೂಲವಿಲ್ಲವಾದುದರಿಂದ ಪಾಠ ಶಾಲೆಗೆ ಮುಂಚೆ, ನಸುಕಿನಲ್ಲಿ ನಡೆಯುವುದುಂಟು. ಈಗ ಹಲವು ಕಡೆ ಪರದೆಯ ಮೇಲೆಯೂ ನಡೆಯುತ್ತದೆ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಮಾರ್ಮನ್ ಗ್ರಂಥ, ಜೋಸೆಫ್ ಸ್ಮಿತ್ತನ ದರ್ಶನಗಳ ಗ್ರಂಥ, ಹೀಗೆ ವರ್ಷಕ್ಕೊಂದರಂತೆ ನಾಲ್ಕು ವರ್ಷದಲ್ಲಿ ಒಂದು ಸುತ್ತು. ರಾತ್ರಿ ಹನ್ನೊಂದರವರೆಗೆ ಭೌತಶಾಸ್ತ್ರವನ್ನು ಓದಿ ಬೆಳಗಿನ ಜಾವ ಧರ್ಮಪಾಠಕ್ಕೆ ಏಳುವ ಮಗಳ ಕಣ್ಣಿನಲ್ಲಿ ಭಕ್ತಿಗಿಂತ ನಿದ್ರೆಯೇ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಆದರೂ ಅದೇ ನಿದ್ರೆಗಣ್ಣಿನ ಇನ್ನೂ ನಾಲ್ಕು ಮಕ್ಕಳು ಪಕ್ಕದಲ್ಲಿರುತ್ತಾರೆ. ಶಾಲೆಯಲ್ಲಿ ತಾನೊಬ್ಬಳೇ ಎಂದುಕೊಂಡವಳಿಗೆ ಅದೊಂದು ಬಲ.

ಪಾಠ ಮುಗಿದ ಮೇಲೆ ನಮ್ಮ ಮನೆಗಳಲ್ಲಾದರೆ ಕಾಫಿ. ಇವರ ಮನೆಯಲ್ಲಿ ಕಾಫಿಯೂ ಇಲ್ಲ, ಚಹವೂ ಇಲ್ಲ. ೧೮೩೩ರ ಫೆಬ್ರವರಿಯಲ್ಲಿ ಜೋಸೆಫ್ ಸ್ಮಿತ್ತನು ಪ್ರಕಟಿಸಿದ 'ವಿವೇಕದ ನುಡಿ' ಎಂಬ ವಿಧಿಯಲ್ಲಿ ಮದ್ಯ, ಹೊಗೆಸೊಪ್ಪು, 'ಬಿಸಿ ಪಾನೀಯ' ಇವುಗಳನ್ನು ಬಿಡಬೇಕೆಂದಿದೆ. ಬಿಸಿ ಪಾನೀಯವೆಂದರೆ ಕಾಫಿ ಮತ್ತು ಚಹ ಎಂದು ಸಭೆ ಅರ್ಥಮಾಡಿದೆ. ಹಸಿರು ಚಹವೂ, ತಣ್ಣಗೆ ಮಾಡಿದ ಚಹವೂ ಇದಕ್ಕೆ ಹೊರತಲ್ಲವೆಂದು ೨೦೧೯ರಲ್ಲಿ ತರುಣರಿಗಾಗಿ ಸ್ಪಷ್ಟಪಡಿಸಿದರು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲನ್ನು ಬೆಳೆಯುವ ನಾಡು ನಮ್ಮದು. ಇಲ್ಲಿ ಬಂದವರಿಗೆ ಕಾಫಿ ಕೊಡದಿದ್ದರೆ ಮನೆಯವರಿಗೆ ಅವಮಾನ, ಕೊಟ್ಟ ಕಾಫಿಯನ್ನು ಕುಡಿಯದಿದ್ದರೆ ಮನೆಯವರಿಗೆ ಅನುಮಾನ. ಗೆಳತಿಯ ಮನೆಗೆ ಹೋದ ಹದಿನಾರರ ಹುಡುಗಿ "ಬೇಡಿ ಆಂಟಿ" ಎಂದರೆ "ಮೈ ಹುಷಾರಿಲ್ಲವೇನಮ್ಮ?" ಎಂಬ ಪ್ರಶ್ನೆ. ಎರಡನೆಯ ಸಲವೂ ಬೇಡವೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮತದ ಮಾತು ಬರುತ್ತದೆ. ಮದ್ಯವನ್ನು ಬಿಟ್ಟವನನ್ನು ಲೋಕ ಮೆಚ್ಚುತ್ತದೆ, ಕಾಫಿಯನ್ನು ಬಿಟ್ಟವನನ್ನು ವಿಚಿತ್ರವಾಗಿ ನೋಡುತ್ತದೆ. ಹರೆಯದವರಿಗೆ ನಿಂದೆಗಿಂತ ಹೆಚ್ಚು ನೋಯುವುದು ಈ ವಿಚಿತ್ರದೃಷ್ಟಿ.

ವಿನೋದವೇನೆಂದರೆ, ಈ ಒಂದು ವಿಷಯದಲ್ಲಿ ಬೆಂಗಳೂರಿಗಿಂತ ಕುಪ್ಪಗಡ್ಡೆ ಸುಲಭ. ಮಲೆನಾಡಿನ ಮನೆಯಲ್ಲಿ ಕೊತ್ತಂಬರಿ ಜೀರಿಗೆ ಹುರಿದು ಪುಡಿಮಾಡಿ ಬೆಲ್ಲ ಹಾಲು ಹಾಕಿ ಕುದಿಸಿದ ಕಷಾಯವಿದೆ, ಮಜ್ಜಿಗೆಯಿದೆ, ಬೆಲ್ಲದ ನೀರಿದೆ. ಚಹದ ಎಲೆಯಿಲ್ಲದ ಕಷಾಯಕ್ಕೆ ಅವರ ವಿಧಿಯಲ್ಲಿ ಅಡ್ಡಿಯಿಲ್ಲ. ಅಜ್ಜಿಯ ಕೈಯ ಕಷಾಯವನ್ನು ಕುಡಿಯುವಾಗ ಹುಡುಗಿ ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ವಾರದಲ್ಲಿ ಸೋಮವಾರದ ಸಂಜೆ ಮನೆಯವರದು. 'ಮನೆಯ ಸಂಜೆ' ಎಂಬ ಈ ಏರ್ಪಾಡನ್ನು ೧೯೧೫ರಲ್ಲಿ ಆಗಿನ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ತನೂ ಅವನ ಸಲಹೆಗಾರರೂ ಪತ್ರದ ಮೂಲಕ ಸೂಚಿಸಿದರು. ೧೯೭೦ರಲ್ಲಿ ಸೋಮವಾರವನ್ನೇ ಗೊತ್ತುಮಾಡಿ, ಆ ಸಂಜೆ ಸಭೆಯ ಬೇರೆ ಯಾವ ಕೆಲಸವನ್ನೂ ಇಡಕೂಡದೆಂದು ಕಟ್ಟುಮಾಡಿದರು. ಈಚೆಗೆ ದಿನವನ್ನು ಮನೆಯವರ ಅನುಕೂಲಕ್ಕೆ ಬಿಟ್ಟಿದ್ದಾರೆ. ಒಂದು ಹಾಡು, ಒಂದು ಪ್ರಾರ್ಥನೆ, ಚಿಕ್ಕದೊಂದು ಪಾಠ, ಆಮೇಲೆ ಆಟ, ಕೊನೆಗೆ ತಿಂಡಿ. ಪಾಠವನ್ನು ಯಾವಾಗಲೂ ತಂದೆಯೇ ಹೇಳಬೇಕೆಂದಿಲ್ಲ, ಮಗನ ಸರದಿ ಬಂದಾಗ ತಂದೆ ಕೆಳಗೆ ಕೂಡಬೇಕು. ಹದಿನಾರರ ಮಗಳಿಗೆ ಇದು ಮಕ್ಕಳಾಟವೆನಿಸಿ ಬೇಸರ ಬರುವುದೂ ಉಂಟು. ತಾಯಿತಂದೆಯರು ಜಾಣರಾದರೆ ಪಾಠವನ್ನು ಮೊಟಕುಮಾಡಿ ಮಾತಿಗೆ ಜಾಗ ಬಿಡುತ್ತಾರೆ. ವಾರಕ್ಕೊಮ್ಮೆಯಾದರೂ ನಾಲ್ವರೂ ಕೈಯಲ್ಲಿಯ ಯಂತ್ರವನ್ನು ಕೆಳಗಿಟ್ಟು ಮುಖ ನೋಡಿ ಕುಳಿತುಕೊಳ್ಳುವುದು ಇಂದಿನ ನಗರದಲ್ಲಿ ಸಣ್ಣ ಸಾಧನೆಯಲ್ಲ.

ಭಾನುವಾರದ ಆರಾಧನೆ ಹಿಂದೆ ಮೂರು ಗಂಟೆಯಿತ್ತು. ೨೦೧೯ರ ಜನವರಿಯಿಂದ ಎರಡು ಗಂಟೆಗೆ ಇಳಿಸಿ, ಉಳಿದ ಹೊತ್ತಿನ ಪಾಠ ಮನೆಯಲ್ಲಿಯೇ ಆಗಲೆಂದು ತಂದೆತಾಯಿಗಳ ಮೇಲೆ ಹೊಣೆ ಹೊರಿಸಿದರು. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಆ ಊಟದ ಬೆಲೆಯನ್ನಾದರೂ ಬಡವರಿಗೆಂದು ಸಭೆಗೆ ಕೊಡುತ್ತಾರೆ. ಏಕಾದಶಿಯ ಉಪವಾಸದಲ್ಲಿ ಬೆಳೆದ ನಮ್ಮವರಿಗೆ ಇದು ಅರ್ಥವಾಗುವ ಮಾತು. ಬಿಟ್ಟ ಊಟಕ್ಕೆ ಬೆಲೆ ಕಟ್ಟಿ ಹಸಿದವನಿಗೆ ಸಲ್ಲಿಸುವ ಲೆಕ್ಕಾಚಾರವಷ್ಟೇ ಹೊಸದು. ಆ ದಿನ ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಲೌಕಿಕ ಉದ್ಯೋಗವನ್ನು ಸಾಧ್ಯವಾದಮಟ್ಟಿಗೆ ದೂರವಿಡುತ್ತಾರೆ. ಬಡಾವಣೆಯ ಕ್ರಿಕೆಟ್ ಪಂದ್ಯಗಳೆಲ್ಲ ಭಾನುವಾರವೇ. ವೈದ್ಯಶಿಕ್ಷಣದ ನೀಟ್ ಪರೀಕ್ಷೆ ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಭಾನುವಾರವೇ ನಡೆಯಿತು. ಪಂದ್ಯವನ್ನು ಬಿಡಬಹುದು, ವರ್ಷಕ್ಕೊಮ್ಮೆ ಬರುವ ಪರೀಕ್ಷೆಯನ್ನು ಬಿಡುವುದು ಹೇಗೆ? ಇದಕ್ಕೆ ಸಭೆ ಒಂದೇ ಮಾತಿನ ಕಟ್ಟಳೆಯನ್ನು ಹಾಕಿಲ್ಲ, ಅವರವರ ಮನಸ್ಸಾಕ್ಷಿಗೆ ಬಿಟ್ಟಿದೆ. ತೀರ್ಮಾನ ಮನೆಯಲ್ಲಿಯೇ ಆಗಬೇಕು, ಮಗಳೂ ಆ ತೀರ್ಮಾನದಲ್ಲಿ ಸೇರಿರಬೇಕು.

ಹಣದ ವಿಷಯದಲ್ಲಿ ನೇಮ ಸ್ಪಷ್ಟ. ಬಂದ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಸಭೆಗೆ. ದಶಾಂಶದ ಈ ವಿಧಿಯನ್ನು ಮಕ್ಕಳಿಗೆ ಚಿಕ್ಕಂದಿನಿಂದಲೇ ರೂಢಿಮಾಡಿಸುತ್ತಾರೆ. ದುಡಿದು ನೂರು ರೂಪಾಯಿ ಸಂಪಾದಿಸಿದ ಹುಡುಗನು ಹತ್ತು ರೂಪಾಯಿಯನ್ನು ಎತ್ತಿಡುತ್ತಾನೆ. ಹತ್ತರ ಬೆಲೆ ದೊಡ್ಡದಲ್ಲ. ತೊಂಬತ್ತರಲ್ಲಿ ಬದುಕುವುದನ್ನು ಕಲಿಯುವುದು ದೊಡ್ಡದು ಎಂದು ಅವರ ಹಿರಿಯರು ಹೇಳಿಯಾರು. ಆ ಹಣ ಎಲ್ಲಿ ಹೋಗುತ್ತದೆ, ಹೇಗೆ ವೆಚ್ಚವಾಗುತ್ತದೆ ಎಂದು ಹರೆಯದ ಮಗ ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಸಭೆಯ ದೊಡ್ಡ ಐಶ್ವರ್ಯದ ವಿಷಯದಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ಬಹಿರಂಗವಾಗಿಯೇ ಎದ್ದಿದೆ.

ಇಷ್ಟೆಲ್ಲ ನೇಮಗಳ ನಿಜವಾದ ಪರೀಕ್ಷೆ ಬೆಂಗಳೂರಿನಲ್ಲಲ್ಲ, ರಜೆಗೆ ಊರಿಗೆ ಹೋದಾಗ. ಭೂಮಿಹುಣ್ಣಿಮೆಯ ಹೊತ್ತಿಗೆ ಮೊಮ್ಮಕ್ಕಳು ಕುಪ್ಪಗಡ್ಡೆಯಲ್ಲಿದ್ದಾರೆ ಎನ್ನಿ. ಮಲೆನಾಡಿನಲ್ಲಿ ಅಂದು ತುಂಬಿದ ಬಸುರಿಯಂತಿರುವ ಗದ್ದೆಗೆ ಸೀಮಂತ. ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡಿಗೆಯನ್ನು ಹೊತ್ತು ಗದ್ದೆಗೆ ಹೋಗಿ, ಪೂಜೆಮಾಡಿ, ಭೂಮಿಗೆ ಉಣಬಡಿಸಿ, ಅಲ್ಲಿಯೇ ಎಲ್ಲರೂ ಊಟಮಾಡುತ್ತಾರೆ. ಅಜ್ಜಿ ಬುಟ್ಟಿಯನ್ನು ಮೊಮ್ಮಗಳ ತಲೆಗೆ ಕೊಡುತ್ತಾಳೆ. ಹೊರಬೇಕೆ, ಬೇಡವೆ? ಗದ್ದೆಯಲ್ಲಿ ಕೈಮುಗಿಯಬೇಕೆ? ಎಡೆಯ ಅನ್ನವನ್ನು ಉಣ್ಣಬೇಕೆ? ಸಾಲ್ಟ್ ಲೇಕ್ ನಗರದಲ್ಲಿ ಅಚ್ಚಾದ ಪುಸ್ತಕ ಇಷ್ಟು ಸೂಕ್ಷ್ಮಕ್ಕೆ ಇಳಿಯುವುದಿಲ್ಲ. ಕೆಲವು ಮನೆಗಳವರು ಬುಟ್ಟಿ ಹೊತ್ತು ಪೂಜೆಯ ಹೊತ್ತಿಗೆ ಪಕ್ಕಕ್ಕೆ ನಿಂತಾರು. ಕೆಲವರು ಹಬ್ಬದ ಮರುದಿನ ಊರಿಗೆ ಹೋದಾರು. ತಂದೆಗೆ ಇಲ್ಲಿ ತನ್ನ ತಾಯಿ ಮುಖ್ಯಳೋ ತನ್ನ ಮತ ಮುಖ್ಯವೋ ಎಂಬ ಇಕ್ಕಟ್ಟು. ಮಕ್ಕಳು ಅವನ ಮುಖವನ್ನೇ ನೋಡುತ್ತಿರುತ್ತಾರೆ. ಅಜ್ಜಿಯನ್ನು ಅವನು ತುಚ್ಛವಾಗಿ ಕಂಡರೆ ಮಕ್ಕಳು ಮತದಿಂದ ಕಲಿಯುವುದು ತಾತ್ಸಾರವನ್ನು. ತನ್ನ ನಂಬಿಕೆಯನ್ನು ಬಿಡದೆ ಅಜ್ಜಿಯ ಕಾಲು ಮುಟ್ಟಿ ಎರಡು ಒಳ್ಳೆಯ ಮಾತಾಡಿದರೆ ಅವರು ಕಲಿಯುವುದು ಬೇರೆ.

ಪಿತೃಗಳ ವಿಷಯದಲ್ಲಂತೂ ಅಜ್ಜಿಗೂ ಮೊಮ್ಮಕ್ಕಳಿಗೂ ನಡುವೆ ಒಂದು ಸೋಜಿಗದ ಸೇತುವೆಯಿದೆ. ಸತ್ತುಹೋದ ಪೂರ್ವಿಕರ ಪರವಾಗಿ ಬದುಕಿರುವವರು ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆಯಬಹುದೆಂದು ಮಾರ್ಮನ್ನರ ನಂಬಿಕೆ. ಅದನ್ನು ಒಪ್ಪುವುದೂ ಬಿಡುವುದೂ ಆ ಜೀವದ ಇಷ್ಟವೆಂದೂ ಹೇಳುತ್ತಾರೆ. ದೇವಾಲಯದ ಕೆಲಸಗಳಲ್ಲಿ ಹನ್ನೆರಡರ ಮಕ್ಕಳಿಗೂ ತೆರೆದಿರುವುದು ಇದು. ಬೆಂಗಳೂರಿನ ದೇವಾಲಯದ ಯೋಜನೆಗೆ ಮುಂಚೆ ಭಾರತದವರು ಇದಕ್ಕಾಗಿ ಸಮುದ್ರ ದಾಟಬೇಕಾಗಿತ್ತು. ಈ ಕಾರ್ಯಕ್ಕೆ ಪೂರ್ವಿಕರ ಹೆಸರು ಬೇಕು. ಆದುದರಿಂದ ವಂಶಾವಳಿಯನ್ನು ಹುಡುಕುವುದು ಅವರಲ್ಲಿ ಧರ್ಮಕಾರ್ಯ. ೧೮೯೪ರಲ್ಲಿ ಇದಕ್ಕೆಂದೇ ಒಂದು ಸಂಘವನ್ನು ಕಟ್ಟಿದರು. ಹರಿದ್ವಾರದ ಪಂಡರ ವಂಶಾವಳಿಯ ಪುಸ್ತಕಗಳನ್ನು ಚಿತ್ರದಲ್ಲಿ ಇಳಿಸಿಕೊಂಡವರು ಇವರೇ. ನಮ್ಮ ನಾಡಿನಲ್ಲಿ ಹೆಳವರು ಮನೆಬಾಗಿಲಿಗೆ ಬಂದು ತಲೆತಲಾಂತರದ ಹೆಸರುಗಳನ್ನು ಒಪ್ಪಿಸುವ ಪದ್ಧತಿಯನ್ನು ಕಂಡವರಿಗೆ ಇದು ಹೊಸದಲ್ಲ. ಮೊಮ್ಮಗ ಕಾಗದ ಹಿಡಿದು "ಅಜ್ಜಿ, ನಿಮ್ಮ ಅತ್ತೆಯ ಹೆಸರೇನು? ಅವರ ತವರು ಯಾವುದು?" ಎಂದು ಕೇಳಿದರೆ ಅಜ್ಜಿಗೆ ಸಂತೋಷವೇ. ಆದರೆ ಆ ಹೆಸರನ್ನು ಯಾವ ಕಾರ್ಯಕ್ಕೆ ಬಳಸುವರೆಂದು ಅವಳಿಗೆ ತಿಳಿಸದಿರುವುದು ಸರಿಯಾಗದು. ಯೂರೋಪಿನ ನರಮೇಧದಲ್ಲಿ ಮಡಿದ ಯೆಹೂದ್ಯರ ಹೆಸರುಗಳನ್ನು ಹೀಗೆ ಬಳಸಿದುದಕ್ಕೆ ಅವರ ಬಂಧುಗಳು ನೊಂದು ಆಕ್ಷೇಪಿಸಿದರು. ಅದನ್ನು ನಿಲ್ಲಿಸುವುದಾಗಿ ಸಭೆ ೧೯೯೫ರಲ್ಲಿ ಒಪ್ಪಿಕೊಂಡಿತು. ಪಿತೃಗಳು ಒಬ್ಬರ ಸ್ವತ್ತಲ್ಲ.

ಕುಂದುಕೊರತೆಗಳ ಮಾತನ್ನೂ ಆಡಬೇಕು. ಪೌರೋಹಿತ್ಯದ ಮೆಟ್ಟಿಲು ಹುಡುಗರಿಗೆ ಮಾತ್ರ, ಹುಡುಗಿಯರಿಗಿಲ್ಲ. ತಮ್ಮನು ರೊಟ್ಟಿಯ ತಟ್ಟೆಯನ್ನು ಹಿಡಿದು ಬರುವಾಗ ಅಕ್ಕನು ಬೆಂಚಿನ ಮೇಲೆ ಕುಳಿತಿರುತ್ತಾಳೆ. ಹುಡುಗಿಯರಿಗೆ ೧೮೬೯ರಿಂದ ಬೆಳೆದುಬಂದ ತಮ್ಮದೇ ಸಂಘವಿದೆ, ಅದರಲ್ಲಿ ಅಧ್ಯಕ್ಷತೆಯ ಕೆಲಸವಿದೆ. ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗುವ ಅಧಿಕಾರವನ್ನು ೨೦೧೯ರ ಅಕ್ಟೋಬರಿನಲ್ಲಿ ಅವರಿಗೂ ಕೊಟ್ಟರು. ಆದರೂ ಶಾಲೆಯಲ್ಲಿ ಹುಡುಗರಿಗಿಂತ ಮುಂದಿರುವ ಹುಡುಗಿ ಇಲ್ಲಿ ಏಕೆ ಹಿಂದೆ ಎಂದು ಕೇಳದಿರುವಳೆ? ಬಿಷಪನು ಹರೆಯದವರನ್ನು ಒಬ್ಬೊಬ್ಬರನ್ನಾಗಿ ಕರೆದು ನಡತೆಯನ್ನು ವಿಚಾರಿಸುವ ಪದ್ಧತಿಯ ಮೇಲೆ ಅವರಲ್ಲಿಯೇ ಕಟುವಾದ ಟೀಕೆ ಬಂದುದರಿಂದ, ಮಕ್ಕಳು ಬಯಸಿದರೆ ತಾಯಿಯೋ ತಂದೆಯೋ ಇನ್ನೊಬ್ಬ ಹಿರಿಯರೋ ಜೊತೆಯಲ್ಲಿರಬಹುದೆಂದು ೨೦೧೮ರಲ್ಲಿ ತಿದ್ದಿದರು. ಮದುವೆಯ ಪ್ರಶ್ನೆ ಇನ್ನೊಂದು. ಹದಿನಾರಕ್ಕೆ ಮುಂಚೆ ಜೊತೆಗೂಡಿ ತಿರುಗಕೂಡದು, ಮದುವೆ ಸಭೆಯೊಳಗೆಯೇ ದೇವಾಲಯದಲ್ಲಿ ಆಗಬೇಕು ಎಂಬುದು ಉಪದೇಶ. ದೇಶದಲ್ಲೆಲ್ಲ ಹದಿನೈದು ಸಾವಿರ ಜನರೊಳಗೆ ಒಪ್ಪುವ ಜೋಡಿಯನ್ನು ಹುಡುಕುವುದೆಂದರೆ ಭಾಷೆಯ ಗಡಿಯನ್ನೂ ಜಾತಿಯ ಗಡಿಯನ್ನೂ ದಾಟಲೇಬೇಕು.

ಈ ಒತ್ತಡಗಳನ್ನು ಅವರ ಹಿರಿಯರು ತಿಳಿಯದವರಲ್ಲ. ತರುಣರ ನಡತೆಗೆಂದು ೧೯೬೫ರಲ್ಲಿ ಅವರು ಹೊರಡಿಸಿದ ಕಿರುಹೊತ್ತಗೆಯಲ್ಲಿ ಉಡುಪು ಹೀಗಿರಬೇಕು, ನೃತ್ಯ ಹೀಗಿರಬೇಕು ಎಂದು ವಿವರವಾದ ಪಟ್ಟಿಯಿತ್ತು. ೨೦೨೨ರಲ್ಲಿ ಅದನ್ನು ಪೂರಾ ತಿದ್ದಿ ಬರೆದು, ಪಟ್ಟಿಯ ಬಹುಭಾಗವನ್ನು ತೆಗೆದು, ಮೂಲತತ್ತ್ವವನ್ನು ಹೇಳಿ, ಆಯ್ಕೆಯನ್ನು ತರುಣರ ವಿವೇಕಕ್ಕೆ ಬಿಟ್ಟರು. ಐವತ್ತೇಳು ವರ್ಷಗಳ ಅನುಭವ ಕಲಿಸಿದ ಪಾಠವಿದು. ಪಟ್ಟಿಯನ್ನು ಬಾಯಿಪಾಠ ಮಾಡಿದವನು ಪಟ್ಟಿಯಲ್ಲಿಲ್ಲದ ಸಂದರ್ಭ ಬಂದಾಗ ದಿಕ್ಕುಗಾಣದೆ ನಿಲ್ಲುತ್ತಾನೆ.

ಹದಿನೆಂಟಕ್ಕೆ ಹುಡುಗನು ಎರಡು ವರ್ಷದ ಬೋಧಕಸೇವೆಗೆ ಹೊರಡಬಹುದು. ಗಂಡುಮಕ್ಕಳ ಈ ವಯಸ್ಸನ್ನು ೨೦೧೨ರ ಅಕ್ಟೋಬರಿನಲ್ಲಿ ಹತ್ತೊಂಬತ್ತರಿಂದ ಇಳಿಸಿದರು. ಹೆಣ್ಣುಮಕ್ಕಳಿಗೆ ಸೇವೆಯ ಅವಧಿ ಹದಿನೆಂಟು ತಿಂಗಳು. ಸಂಬಳವಿಲ್ಲ, ಊರನ್ನು ಆರಿಸಿಕೊಳ್ಳುವ ಹಕ್ಕಿಲ್ಲ. ಮನೆಯವರೊಡನೆ ದೂರವಾಣಿಯಲ್ಲಿ ಮಾತನಾಡಲು ವರ್ಷಕ್ಕೆ ಎರಡೇ ಸಲ ಅವಕಾಶವಿದ್ದುದನ್ನು ೨೦೧೯ರ ಫೆಬ್ರವರಿಯಲ್ಲಿ ಬದಲಿಸಿ, ವಾರಕ್ಕೊಮ್ಮೆ ಮಾತನಾಡಬಹುದೆಂದರು. ಆ ಸುದ್ದಿಗೆ ಹುಡುಗರಿಗಿಂತ ಹೆಚ್ಚಾಗಿ ತಾಯಂದಿರು ಸಂತೋಷಪಟ್ಟಿರಬೇಕು. ಎಲ್ಲರೂ ಹೋಗುವುದಿಲ್ಲ. ಕೆಲವರು ಹರೆಯದಲ್ಲಿಯೇ ಸಭೆಯನ್ನು ಬಿಡುತ್ತಾರೆ. ಹಾಗೆ ಬಿಟ್ಟ ಮಗನಿಗೆ ಸೋಮವಾರದ ಸಂಜೆ ಮನೆಯಲ್ಲಿ ಸ್ಥಳವುಂಟೇ ಇಲ್ಲವೇ ಎಂಬುದರಿಂದ ಆ ಮನೆಯ ಪ್ರೀತಿಯನ್ನು ಅಳೆಯಬಹುದು.

ಇಷ್ಟನ್ನು ನೋಡಿದ ಮೇಲೆ ನಮಗೆ ಹೊಳೆಯುವುದೇನು? ಜನರು ಮಾರ್ಮನ್ನರನ್ನು ಅವರ ನಿಷೇಧಗಳಿಂದ ಗುರುತಿಸುತ್ತಾರೆ: ಕಾಫಿಯಿಲ್ಲ, ಚಹವಿಲ್ಲ, ಭಾನುವಾರದ ಆಟವಿಲ್ಲ. ಬರಿಯ ನಿಷೇಧದಿಂದ ಹರೆಯದ ಮಕ್ಕಳನ್ನು ಹಿಡಿದಿಡುವುದು ಸಾಧ್ಯವಾಗಿದ್ದರೆ ಲೋಕದಲ್ಲಿ ತಾಯಿತಂದೆಯರಿಗೆ ಚಿಂತೆಯೇ ಇರುತ್ತಿರಲಿಲ್ಲ. ಅವರ ಏರ್ಪಾಡಿನಲ್ಲಿ ನಿಷೇಧದ ಪಕ್ಕದಲ್ಲಿಯೇ ಒಂದು ಕೆಲಸವಿದೆ. ಹನ್ನೆರಡಕ್ಕೆ ಹಂಚುವ ತಟ್ಟೆ, ಹದಿಮೂರಕ್ಕೆ ಐದು ನಿಮಿಷದ ಭಾಷಣ, ಸೋಮವಾರದ ಪಾಠ, ಅಜ್ಜಿಯಿಂದ ಕೇಳಿ ಬರೆದುಕೊಂಡ ಹೆಸರುಗಳು. "ನೀನು ಎಲ್ಲರಂತಲ್ಲ" ಎಂದು ಬೇರ್ಪಡಿಸುವ ಮನೆ "ನೀನಿಲ್ಲದೆ ಇಲ್ಲಿ ನಡೆಯದು" ಎಂದೂ ಹೇಳುತ್ತದೆ. ಮೊದಲ ಮಾತನ್ನು ಮಕ್ಕಳು ಸಹಿಸುವುದು ಎರಡನೆಯ ಮಾತಿನ ಬಲದಿಂದ. ಎರಡನೆಯ ಮಾತು ಕೇವಲ ಕಟ್ಟಳೆಯಾಗಿಬಿಟ್ಟ ಮನೆಯಲ್ಲಿ, ಅಥವಾ ಹುಡುಗಿಗೆ ಅದು ಅರ್ಧವೇ ಕೇಳಿಸುವಲ್ಲಿ, ಮೊದಲನೆಯದೂ ನಿಲ್ಲಲಾರದು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತೀರ ಬೇರೆ. ಮಗ ಎಸ್.ಎಸ್.ಎಲ್.ಸಿ.ಗೆ ಬಂದನೆಂದರೆ ಅವನಿಗೆ ಮನೆಯ ಸಕಲ ಕೆಲಸಗಳಿಂದಲೂ ವಿನಾಯಿತಿ. ಪಿ.ಯು. ತರಗತಿಗೆ ಬಂದ ಮಗಳು ನಂಟರ ಮದುವೆಗೆ ಬರಬೇಕಾಗಿಲ್ಲ, ಹಬ್ಬದ ದಿನ ತೋರಣ ಕಟ್ಟಬೇಕಾಗಿಲ್ಲ, ಊರಿನಿಂದ ಬಂದ ಅಜ್ಜಿಯೊಡನೆ ಕೂತು ಮಾತನಾಡಬೇಕಾಗಿಲ್ಲ. "ಅವಳು ಓದಲಿ" ಎಂದು ಬಾಗಿಲು ಮುಚ್ಚುತ್ತೇವೆ. ಆರು ವರ್ಷ ಹೀಗೆ ಮುಚ್ಚಿದ ಬಾಗಿಲನ್ನು ಹದಿನೆಂಟಕ್ಕೆ ತೆರೆದು, "ನಮ್ಮ ಮನೆತನದ ಪದ್ಧತಿಯೇ ನಿನಗೆ ಗೊತ್ತಿಲ್ಲವಲ್ಲ!" ಎಂದು ಬೇಸರಪಟ್ಟುಕೊಳ್ಳುತ್ತೇವೆ. ಮಕ್ಕಳು ಪದ್ಧತಿಯನ್ನು ತೊರೆದರೆಂದು ದೂರುವುದಕ್ಕೆ ಮುಂಚೆ, ಅ ಪದ್ಧತಿಯಲ್ಲಿ ಅವರ ಪಾಲಿಗೆ ಯಾವ ಕೆಲಸವನ್ನು ಕೊಟ್ಟಿದ್ದೆವೆಂದು ನೆನಪುಮಾಡಿಕೊಳ್ಳುವುದು ಒಳಿತು. ಮುಂದಿನ ಹಬ್ಬಕ್ಕೆ ಬುಟ್ಟಿಯ ಚಿತ್ತಾರವನ್ನು ಬರೆಯುವ ಕೆಲಸ ಹದಿನಾರರ ಮಗಳದಾಗಲಿ, ಬಂದವರಿಗೆ ಎಲೆ ಹಾಕುವುದು ಹನ್ನೆರಡರ ಮಗನದಾಗಲಿ. ಪರೀಕ್ಷೆಗೆ ಅದರಿಂದ ಕಳೆದುಹೋಗುವುದು ಅರ್ಧ ದಿನ.